ಗಸಗಸೆಯ ಪಾಯಸವೂ ಮಾರ್ಫೀನಿನ ಸಾಕ್ಷ್ಯವೂ

ಖಾನಾಪುರದಿಂದ ಬೆಳಗಾವಿಗೆ ದಾರಿ ದೂರದ್ದಲ್ಲ. 25 ಕಿಲೋಮೀಟರಿನ ಆಸುಪಾಸು. ಘಟ್ಟದ ಅಂಚಿನ ಹಳ್ಳಿಗಳ ಹಾಲು, ತರಕಾರಿ, ಕುಂಬಾರರ ಗಡಿಗೆ ಎಲ್ಲವೂ ಈ ದಾರಿಯಲ್ಲೇ ಪೇಟೆಗೆ ಬರುತ್ತವೆ. ಒಮ್ಮೊಮ್ಮೆ ಬೇರೊಂದು ಸರಕೂ ಬರುತ್ತದೆ. ಅರಗಿನ ಮುದ್ರೆ ಒತ್ತಿದ ಪೆಟ್ಟಿಗೆ. ಅದನ್ನು ಮಡಿಲಿನಿಂದ ಕೆಳಗಿಳಿಸದೆ ಕುಳಿತ ಪೊಲೀಸ್ ಪೇದೆ. ಪೆಟ್ಟಿಗೆಯೊಳಗೆ ಗಾಜಿನ ಸೀಸೆಗಳು. ಸೀಸೆಗಳಲ್ಲಿ ಜಠರದ ಅಂಶ, ಯಕೃತ್ತಿನ ತುಂಡು, ರಕ್ತ, ಮೂತ್ರ. ಮೊನ್ನೆಯವರೆಗೆ ನಡೆದಾಡುತ್ತಿದ್ದ ಮನುಷ್ಯನೊಬ್ಬನು ಈಗ ಈ ಸೀಸೆಗಳ ಮೂಲಕವೇ ಮಾತನಾಡಬೇಕು. ಆ ಮಾತನ್ನು ಕೇಳಿಸಿಕೊಳ್ಳುವ ಸ್ಥಳ ಬೆಳಗಾವಿಯ ಪ್ರಾದೇಶಿಕ ನ್ಯಾಯವಿಜ್ಞಾನ ಪ್ರಯೋಗಾಲಯ.

ಇಂಥ ಪೆಟ್ಟಿಗೆಗಳ ಪಯಣ ಹಿಂದೆ ಇನ್ನೂ ದೀರ್ಘವಾಗಿತ್ತು. 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದ ಸರಕಾರಿ ರಾಸಾಯನಿಕ ಪರೀಕ್ಷಕರು ಇದ್ದದ್ದು ಮುಂಬಯಿ ನಗರದಲ್ಲಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆ ಸ್ಥಾನದಲ್ಲಿದ್ದ ಐಸಿಡೋರ್ ಲಯನ್ ಎಂಬವರು ಭಾರತಕ್ಕೆಂದೇ ವೈದ್ಯಕೀಯ ನ್ಯಾಯಶಾಸ್ತ್ರದ ಗ್ರಂಥವೊಂದನ್ನು ಬರೆದರು. ಅದು ಮುಂದೆ ಹಲವು ತಲೆಮಾರುಗಳ ಕೈಪಿಡಿಯಾಯಿತು. ಆ ಕಾಲದ ಪರೀಕ್ಷಕರ ಮೇಜಿಗೆ ಮತ್ತೆ ಮತ್ತೆ ಬರುತ್ತಿದ್ದ ವಿಷಗಳು ಮೂರು: ಪಾಷಾಣ, ಉಮ್ಮತ್ತ ಮತ್ತು ಅಫೀಮು. ಈ ಮೂರರಲ್ಲಿ ಅಫೀಮಿನ ಕಥೆಯೇ ವಿಲಕ್ಷಣವಾದುದು. ಏಕೆಂದರೆ ಅದು ವಿಷವೂ ಹೌದು, ಔಷಧವೂ ಹೌದು; ಅದರ ಗಿಡದ ಬೀಜವಂತೂ ನಮ್ಮ ಹಬ್ಬದೂಟದ ಪದಾರ್ಥ! ಹೀಗಿರುವಾಗ ಒಬ್ಬನ ರಕ್ತದಲ್ಲೋ ಮೂತ್ರದಲ್ಲೋ ಅಫೀಮಿನ ಸಾರವಾದ ಮಾರ್ಫೀನು ಕಂಡಿತೆಂದರೆ, ಅದಕ್ಕೆ ಏನೆಂದು ಅರ್ಥ ಹೇಳಬೇಕು?

ಕನಸಿನ ದೇವತೆಯ ಹೆಸರು

ಜರ್ಮನಿಯ ಪಾಡರ್‌ಬಾರ್ನ್ ಎಂಬ ಊರಿನ ಔಷಧದಂಗಡಿಯಲ್ಲಿ ಸಹಾಯಕನಾಗಿದ್ದ ತರುಣ ಫ್ರೆಡ್ರಿಕ್ ಸೆರ್ಟ್ಯೂರ್ನರ್ 1804-05ರ ಸುಮಾರಿಗೆ ಅಫೀಮಿನಿಂದ ಬಿಳಿಯ ಹರಳುಗಳನ್ನು ಬೇರ್ಪಡಿಸಿದನು. ಗ್ರೀಕರ ಸ್ವಪ್ನದೇವತೆಯಾದ ಮಾರ್ಫಿಯಸನ ಹೆಸರನ್ನು ಅದಕ್ಕಿಟ್ಟನು. ಅದರ ಗುಣವನ್ನು ಅರಿಯಲು ತಾನೂ ಮೂವರು ಹುಡುಗರೂ ಅದನ್ನು ಸೇವಿಸಿ ಬಹುತೇಕ ಪ್ರಾಣಾಪಾಯಕ್ಕೆ ಸಿಲುಕಿದರು. ವಿನಿಗರ್ ಕುಡಿದು ವಾಂತಿ ಮಾಡಿಕೊಂಡು ಬದುಕಿದರು. 1817ರಲ್ಲಿ ಆತನು ಇದನ್ನೆಲ್ಲ ಪ್ರಕಟಿಸಿದ ಮೇಲೆ ಜಗತ್ತಿನ ಕಣ್ಣು ಆ ಹರಳಿನ ಮೇಲೆ ಬಿದ್ದಿತು.

ಆರೇ ವರ್ಷಗಳಲ್ಲಿ ಕೊಲೆಗಾರರ ಕಣ್ಣೂ ಬಿದ್ದಿತು. 1823ರಲ್ಲಿ ಪ್ಯಾರಿಸಿನ ತರುಣ ವೈದ್ಯ ಕಸ್ಟೆಂಗ್ ಎಂಬವನು ತನ್ನ ಗೆಳೆಯನಿಗೆ ಮಾರ್ಫೀನು ಕೊಟ್ಟು ಕೊಂದನೆಂಬ ಆರೋಪಕ್ಕೆ ಗುರಿಯಾದನು. ಆ ಕಾಲದ ಮಹಾಪಂಡಿತರೂ ಶವದಲ್ಲಿ ವಿಷವನ್ನು ಕಂಡುಹಿಡಿಯಲಾರದೆ ಹೋದರು. ಸಾಂದರ್ಭಿಕ ಸಾಕ್ಷ್ಯದ ಮೇಲೆಯೇ ಆತನಿಗೆ ಮರಣದಂಡನೆಯಾಯಿತು. ಗಿಡಗಳಿಂದ ಬರುವ ವಿಷಗಳು ದೇಹದ ಮಾಂಸದೊಡನೆ ಬೆರೆತುಹೋಗುತ್ತವೆ. ಬೇರ್ಪಡಿಸುವ ಬಗೆ ತಿಳಿದಿರಲಿಲ್ಲ. 1850ರಲ್ಲಿ ಬೆಲ್ಜಿಯಮ್ಮಿನ ರಸಾಯನಜ್ಞ ಝಾನ್ ಸ್ಟಾಸ್ ಬೇರೊಂದು ಕೊಲೆಯ ತನಿಖೆಯಲ್ಲಿ ನಿಕೋಟೀನನ್ನು ಶವದಿಂದ ಹೊರತೆಗೆದಾಗ ಆ ಬಾಗಿಲು ತೆರೆಯಿತು. 1896ರಲ್ಲಿ ಮಾರ್ಕ್ವಿಸ್ ಎಂಬವನು ಗಂಧಕಾಮ್ಲ ಮತ್ತು ಫಾರ್ಮಾಲ್ಡಿಹೈಡಿನ ಮಿಶ್ರಣದ ಒಂದು ಹನಿ ಬಿದ್ದರೆ ಮಾರ್ಫೀನು ನೇರಳೆ ಬಣ್ಣ ತಾಳುವುದನ್ನು ತೋರಿಸಿದನು. ಆ ಹನಿಯನ್ನು ಇಂದಿಗೂ ಪ್ರಾಥಮಿಕ ಪರೀಕ್ಷೆಗೆ ಬಳಸುತ್ತಾರೆ.

ಆದರೆ ಬಣ್ಣ ಹೇಳುವುದು ‘ಇದೆ’ ಎಂಬ ಒಂದೇ ಮಾತು. ಎಷ್ಟಿದೆ? ಎಲ್ಲಿಂದ ಬಂತು? ಯಾವಾಗ ಬಂತು? ಇವಕ್ಕೆ ಬಣ್ಣದಲ್ಲಿ ಉತ್ತರವಿಲ್ಲ.

ಯಕೃತ್ತು ಒತ್ತುವ ಮುದ್ರೆ

ಈ ಪ್ರಶ್ನೆಗಳಿಗೆ ಉತ್ತರವನ್ನು ದೇಹವೇ ಬರೆದಿಡುತ್ತದೆ. ಮಾರ್ಫೀನು ಒಳಗೆ ಹೋದೊಡನೆ ಯಕೃತ್ತು ಅದನ್ನು ಹೊರಹಾಕುವ ಸನ್ನಾಹಕ್ಕೆ ತೊಡಗುತ್ತದೆ. ಸಕ್ಕರೆಯ ಬಳಗಕ್ಕೆ ಸೇರಿದ ಗ್ಲುಕುರಾನಿಕ್ ಆಮ್ಲವನ್ನು ಅದಕ್ಕೆ ಅಂಟಿಸಿ, ನೀರಿನಲ್ಲಿ ಸುಲಭವಾಗಿ ಕರಗುವಂತೆ ಮಾಡಿ, ಮೂತ್ರಪಿಂಡಗಳ ಕಡೆಗೆ ಕಳುಹಿಸುತ್ತದೆ. ಅಂಟಿಸುವ ಜಾಗ ಎರಡು. ಮಾರ್ಫೀನಿನ ಅಣುವಿನ ಮೂರನೆಯ ಸ್ಥಾನದಲ್ಲಿ ಅಂಟಿದರೆ ಮಾರ್ಫೀನ್-3-ಗ್ಲುಕುರೊನೈಡ್. ಆರನೆಯ ಸ್ಥಾನದಲ್ಲಿ ಅಂಟಿದರೆ ಮಾರ್ಫೀನ್-6-ಗ್ಲುಕುರೊನೈಡ್. ಒಳಗೆ ಹೋದ ಮಾರ್ಫೀನಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲನೆಯ ರೂಪವನ್ನೂ, ಸುಮಾರು ಹತ್ತನೆಯ ಒಂದು ಪಾಲು ಎರಡನೆಯ ರೂಪವನ್ನೂ ತಾಳುತ್ತದೆ. ಮೊದಲನೆಯದಕ್ಕೆ ನೋವು ಕಳೆಯುವ ಶಕ್ತಿಯಿಲ್ಲ. ಎರಡನೆಯದಕ್ಕೆ ಆ ಶಕ್ತಿ ಚೆನ್ನಾಗಿಯೇ ಇದೆ. ಉಸಿರಾಟವನ್ನು ಕುಂದಿಸುವ ಶಕ್ತಿಯೂ ಇದೆ.

ಮಾರ್ಫೀನಿಗೆ ಬಂಧುಗಳೂ ಉಂಟು. ಕೆಮ್ಮಿಗೂ ನೋವಿಗೂ ಕೊಡುವ ಕೊಡೀನು ದೇಹದೊಳಗೆ ಅಲ್ಪಸ್ವಲ್ಪ ಮಾರ್ಫೀನಾಗಿ ಮಾರ್ಪಡುತ್ತದೆ; ಆದರೆ ಮಾರ್ಫೀನು ಕೊಡೀನಾಗುವುದಿಲ್ಲ. ಹೆರಾಯಿನ್ ರಕ್ತಕ್ಕಿಳಿದ ಕೆಲವೇ ನಿಮಿಷಗಳಲ್ಲಿ 6-ಮಾನೊಅಸಿಟೈಲ್‌ಮಾರ್ಫೀನ್ ಎಂಬ ಮಧ್ಯರೂಪವನ್ನು ತಾಳಿ, ಅನಂತರ ಮಾರ್ಫೀನಾಗುತ್ತದೆ. ಕೇವಲ ಮಾರ್ಫೀನು ಅಥವಾ ಕೊಡೀನು ಸೇವಿಸಿದವನಲ್ಲಿ ಈ ಮಧ್ಯರೂಪ ಹುಟ್ಟುವುದಿಲ್ಲ. ಆದುದರಿಂದ ಅದು ಕಂಡರೆ ಹೆರಾಯಿನ್ ಸೇವನೆಗೆ ಅದೇ ಬಲವಾದ ಗುರುತು. ಆದರೆ ಮೂತ್ರದಲ್ಲಿ ಅದು ಉಳಿಯುವುದು ಕೆಲವೇ ಗಂಟೆ. ಮಾದರಿ ತೆಗೆಯುವುದು ತಡವಾದರೆ ಸಾಕ್ಷಿ ಎದ್ದು ನಡೆದಂತೆಯೇ ಸರಿ!

ನೂರು ಟ್ಯಾಂಕರಿನಲ್ಲಿ ಒಂದು ಗ್ರಾಮು

ಇಷ್ಟನ್ನೆಲ್ಲ ಒಂದು ಮಿಲಿಲೀಟರು ರಕ್ತದಲ್ಲಿ ಅಳೆಯಬೇಕು. ಅಳತೆಯ ಮಾನ ನ್ಯಾನೊಗ್ರಾಮು. ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಬೇಸಗೆಯಲ್ಲಿ ಬಡಾವಣೆಗಳಿಗೆ ನೀರು ತರುವ 10,000 ಲೀಟರಿನ ಟ್ಯಾಂಕರುಗಳನ್ನು ನೆನೆಯಿರಿ. ಅಂಥ 100 ಟ್ಯಾಂಕರುಗಳ ನೀರಿನಲ್ಲಿ ಒಂದೇ ಒಂದು ಗ್ರಾಮನ್ನು ಕದಡಿದರೆ ಮಿಲಿಲೀಟರಿಗೆ ಒಂದು ನ್ಯಾನೊಗ್ರಾಮು ಬರುತ್ತದೆ. ಇಂದಿನ ಯಂತ್ರಗಳು ಅದನ್ನೂ ಹಿಡಿಯುತ್ತವೆ.

ಮೊದಲ ಹಂತ ಜರಡಿ. 1970ರಲ್ಲಿ ಸ್ಪೆಕ್ಟರ್ ಮತ್ತು ಪಾರ್ಕರ್ ಎಂಬ ಸಂಶೋಧಕರು ಮಾರ್ಫೀನನ್ನು ಗುರುತಿಸುವ ಪ್ರತಿಕಾಯಗಳನ್ನು ಪ್ರಾಣಿಗಳಲ್ಲಿ ಹುಟ್ಟಿಸಿ ಅವುಗಳಿಂದ ಅಳತೆ ಮಾಡಬಹುದೆಂದು ತೋರಿಸಿದರು. ಮರುವರ್ಷವೇ ವಿಯೆಟ್ನಾಮಿನಿಂದ ಸ್ವದೇಶಕ್ಕೆ ಹೊರಟ ಅಮೆರಿಕದ ಸೈನಿಕರ ಮೂತ್ರವನ್ನು ಪ್ರತಿಕಾಯಗಳ ನೆರವಿನಿಂದಲೇ ಸಾವಿರಗಟ್ಟಲೆ ಪರೀಕ್ಷಿಸಲಾಯಿತು. ಈ ಜರಡಿ ಬಲು ಚುರುಕು. ಆದರೆ ಅದರ ಕಣ್ಣು ಅಷ್ಟು ಸೂಕ್ಷ್ಮವಲ್ಲ. ಅಣ್ಣತಮ್ಮಂದಿರ ಮುಖ ಒಂದೇ ತೆರನಾಗಿದ್ದರೆ ಅಪರಿಚಿತನು ಒಬ್ಬನನ್ನು ಇನ್ನೊಬ್ಬನೆಂದು ಕರೆಯುವುದಿಲ್ಲವೆ? ಹಾಗೆಯೇ ಪ್ರತಿಕಾಯವು ಕೊಡೀನನ್ನೂ ಗ್ಲುಕುರೊನೈಡುಗಳನ್ನೂ ಮಾರ್ಫೀನೆಂದು ಹಿಡಿದುಬಿಡುತ್ತದೆ. ಆದುದರಿಂದ ಜರಡಿಯ ಮಾತು ಅನುಮಾನವೇ ಹೊರತು ತೀರ್ಪಲ್ಲ.

ತೀರ್ಪಿಗೆ ಹತ್ತಿರವಾದ ಮಾತನ್ನಾಡುವುದು ಎರಡನೆಯ ಹಂತ. ಮೊದಲು ಮಾದರಿಯನ್ನು ಶುದ್ಧಿಗೊಳಿಸಬೇಕು. ಮಾರ್ಫೀನಿನಲ್ಲಿ ಆಮ್ಲದ ಗುಣವೂ ಕ್ಷಾರದ ಗುಣವೂ ಕೂಡಿವೆ. ದ್ರಾವಣ ಬಹಳ ಹುಳಿಯಾದರೂ ನೀರಿನಲ್ಲೇ ಉಳಿಯುತ್ತದೆ, ಬಹಳ ಕ್ಷಾರವಾದರೂ ನೀರಿನಲ್ಲೇ ಉಳಿಯುತ್ತದೆ, ಪಿ.ಎಚ್. 9ರ ಸುತ್ತಮುತ್ತ ಮಾತ್ರ ನೀರನ್ನು ಬಿಟ್ಟು ಬರಲು ಒಪ್ಪುತ್ತದೆ. ಹೀಗೆ ಹೊರತೆಗೆದುದನ್ನು ಸೂಕ್ಷ್ಮವಾದ ನಳಿಗೆಯೊಂದರಲ್ಲಿ ಹರಿಸಿದರೆ ಒಂದೊಂದು ಪದಾರ್ಥವೂ ತನ್ನದೇ ಸಮಯಕ್ಕೆ ಹೊರಬರುತ್ತದೆ. ಕೊನೆಗೆ ರಾಶಿ ರೋಹಿತಮಾಪಕವೆಂಬ ಯಂತ್ರ ಅಣುಗಳನ್ನೇ ತೂಗುತ್ತದೆ! ಮಾರ್ಫೀನಿನ ಅಣುತೂಕ 285. ಒಂದು ಪ್ರೋಟಾನನ್ನು ಹೊತ್ತು ಅದು 286 ಎಂದು ಕಾಣಿಸುತ್ತದೆ. ಗ್ಲುಕುರೊನೈಡುಗಳು 462 ಎಂದು ಕಾಣಿಸಿ, ಒಡೆದಾಗ 286ನ್ನೇ ಹೊರಗೆಡಹುತ್ತವೆ. ಆ ಎರಡರ ತೂಕ ಒಂದೇ ಆದರೂ ನಳಿಗೆಯಿಂದ ಬರುವ ಸಮಯ ಬೇರೆ ಬೇರೆ. ಆದ್ದರಿಂದ ಗುರುತು ತಪ್ಪುವುದಿಲ್ಲ.

ಶುದ್ಧಿಗೊಳಿಸುವಾಗ ಸ್ವಲ್ಪ ಮಾರ್ಫೀನು ನಷ್ಟವಾಗುವುದಿಲ್ಲವೆ ಎಂದು ಚತುರ ಓದುಗರು ಕೇಳಬಹುದು. ಅಹುದು, ಆಗುತ್ತದೆ. ಅದಕ್ಕೊಂದು ಸೊಗಸಾದ ಉಪಾಯವುಂಟು. ಕುರುಬನೊಬ್ಬನು ಖಾನಾಪುರದಿಂದ ಬೆಳಗಾವಿಯ ಸಂತೆಗೆ ಮಂದೆಯನ್ನು ಹೊಡೆಯುವ ಮುನ್ನ ಕೆಂಪು ಬಣ್ಣ ಬಳಿದ ಹತ್ತು ಕುರಿಗಳನ್ನು ಅದರಲ್ಲಿ ಸೇರಿಸಿದನೆನ್ನಿ. ಸಂತೆಯಲ್ಲಿ ಎಣಿಸಿದಾಗ ಕೆಂಪಿನವು ಏಳೇ ಉಳಿದಿದ್ದರೆ, ಉಳಿದ ಮಂದೆಯಲ್ಲೂ ಹತ್ತಕ್ಕೆ ಮೂರು ತಪ್ಪಿಸಿಕೊಂಡಿರಬೇಕೆಂದು ಲೆಕ್ಕ ಹಾಕಬಹುದು. ರಸಾಯನಜ್ಞರೂ ಹೀಗೆಯೇ ಮಾಡುತ್ತಾರೆ. ಮೂರು ಜಲಜನಕಗಳ ಬದಲಿಗೆ ಭಾರ ಜಲಜನಕವನ್ನು ಹೊಂದಿದ, ಯಂತ್ರದಲ್ಲಿ 289 ಎಂದು ಕಾಣಿಸುವ ಮಾರ್ಫೀನನ್ನು ಗೊತ್ತಾದ ಪ್ರಮಾಣದಲ್ಲಿ ಮೊದಲೇ ಬೆರೆಸುತ್ತಾರೆ. ಅದು ಎಷ್ಟು ಉಳಿಯಿತೆಂಬುದರಿಂದ ಎಲ್ಲದರ ಲೆಕ್ಕ ಸರಿಹೋಗುತ್ತದೆ.

ಪಾಯಸದ ಅಪರಾಧವೇನು?

ಯಂತ್ರ ಇಷ್ಟು ಕರಾರುವಾಕ್ಕಾದ ಮೇಲೆ ಇನ್ನೇನು ಅನುಮಾನ? ಇಲ್ಲಿಯೇ ಇರುವುದು ಕಥೆಯ ಗಂಟು.

ಖಾನಾಪುರದ ಒಬ್ಬ ತರುಣ ಪೈಲ್ವಾನನನ್ನು ಕಲ್ಪಿಸಿಕೊಳ್ಳೋಣ. ಬೆಳಗಾವಿಯ ಸೀಮೆಯಲ್ಲಿ ಗರಡಿಮನೆಗಳಿಗೆ ಕೊರತೆಯಿಲ್ಲ. ಕುಸ್ತಿಯ ಹಿಂದಿನ ದಿನ ಅಕ್ಕನ ಮದುವೆಯ ಪಂಕ್ತಿಯಲ್ಲಿ ಕುಳಿತ ಅವನಿಗೆ ಬಡಿಸುವವರು ಒತ್ತಾಯದಿಂದ ಎರಡು ಬಟ್ಟಲು ಗಸಗಸೆ ಪಾಯಸ ಬಡಿಸುತ್ತಾರೆ. ಮರುದಿನ ಪಂದ್ಯ ಗೆದ್ದ ಮೇಲೆ ಮೂತ್ರಪರೀಕ್ಷೆ. ಅವನು ಸುಳ್ಳನೆ, ಮೋಸಗಾರನೆ, ವ್ಯಸನಿಯೆ? ಅಕ್ಕನ ಮನೆಯ ಪಾಯಸ ಉಂಡದ್ದೊಂದೇ ಅವನ ಅಪರಾಧ.

ಗಸಗಸೆ ಅಫೀಮಿನ ಗಿಡದ್ದೇ ಬೀಜ. ಬೀಜದ ಒಳಗೆ ಮಾರ್ಫೀನು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕಾಯಿಯ ಹಾಲು ಕೊಯ್ಲಿನಲ್ಲಿ ಬೀಜದ ಮೇಲೆ ಮೆತ್ತಿಕೊಳ್ಳುತ್ತದೆ. ಎಷ್ಟೆಂಬುದು ತಳಿಯನ್ನೂ ಹೊಲವನ್ನೂ ಕೊಯ್ಲಿನ ರೀತಿಯನ್ನೂ ಅವಲಂಬಿಸಿ ಒಂದಕ್ಕೆ ನೂರರಷ್ಟು ವ್ಯತ್ಯಾಸವಾಗಬಲ್ಲದು. ಬಿಸಿನೀರಿನಲ್ಲಿ ತೊಳೆದು ನೀರನ್ನು ಚೆಲ್ಲಿದರೆ ಬಹುಭಾಗ ಹೋಗುತ್ತದೆ. ತೊಳೆಯದೆ ರುಬ್ಬಿದರೆ ಉಳಿಯುತ್ತದೆ. ದೀಪಾವಳಿಯ ಅನಾರಸದ ಮೇಲೆ ಒತ್ತುವ ಗಸಗಸೆಗೂ ಇದೇ ಮಾತು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2011ರಲ್ಲಿ ಈ ವಿಷಯವನ್ನು ಪರಿಶೀಲಿಸಿ, ದೇಹದ ಒಂದು ಕಿಲೋ ತೂಕಕ್ಕೆ 10 ಮೈಕ್ರೊಗ್ರಾಮಿನವರೆಗೆ ಮಾರ್ಫೀನು ಒಂದು ದಿನದ ಆಹಾರದಲ್ಲಿ ಬಂದರೆ ಅಪಾಯವಿಲ್ಲವೆಂದು ಮಿತಿ ಹಾಕಿತು. ಹಾಗಾಗಿ ಹಬ್ಬದ ಪಾಯಸಕ್ಕೆ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಅಳತೆಯ ಗಡಿಯನ್ನು ಎಲ್ಲಿ ಎಳೆದಿದ್ದಾರೆಂಬುದಕ್ಕೆ.

ಅಮೆರಿಕದ ಅನುಭವ ಇದಕ್ಕೆ ನಿದರ್ಶನ. ಅಲ್ಲಿನ ಸರಕಾರಿ ನೌಕರರ ಪರೀಕ್ಷೆಯಲ್ಲಿ ಮಿಲಿಲೀಟರು ಮೂತ್ರಕ್ಕೆ 300 ನ್ಯಾನೊಗ್ರಾಮನ್ನು ಗಡಿಯಾಗಿ ಇಟ್ಟಿದ್ದರು. ಗಸಗಸೆ ಉದುರಿಸಿದ ಬ್ರೆಡ್ಡು ತಿಂದವರೆಲ್ಲ ಸಿಕ್ಕಿಬೀಳತೊಡಗಿದಾಗ, 1998ರಲ್ಲಿ ಆ ಗಡಿಯನ್ನು 2,000ಕ್ಕೆ ಏರಿಸಿದರು. ಜೊತೆಗೆ ಹೆರಾಯಿನ್ನಿನ ಆ ಮಧ್ಯರೂಪವನ್ನೂ ಹುಡುಕಬೇಕೆಂದು ವಿಧಿಸಿದರು. ಆದರೂ 2023ರ ಫೆಬ್ರವರಿಯಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತನ್ನ ಸೈನಿಕರಿಗೆ ಗಸಗಸೆಯ ತಿನಿಸುಗಳಿಂದ ದೂರವಿರಿ ಎಂದು ಎಚ್ಚರಿಸಬೇಕಾಯಿತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ಕ್ರೀಡಾಪಟುಗಳಿಗೆ ಹಾಕಿದ ಗಡಿ ಮಿಲಿಲೀಟರಿಗೆ ಒಂದು ಮೈಕ್ರೊಗ್ರಾಮು, ಎಂದರೆ 1,000 ನ್ಯಾನೊಗ್ರಾಮು. ನಮ್ಮ ಪೈಲ್ವಾನನ ಎರಡು ಬಟ್ಟಲು ಪಾಯಸ ಆ ಗಡಿಯನ್ನು ದಾಟುವುದು ಅಸಾಧ್ಯವೇನಲ್ಲ.

ಅವನನ್ನು ಉಳಿಸುವವರಾರು? ಜೊತೆಗಾರ ಪದಾರ್ಥಗಳು! ಗಸಗಸೆಯಲ್ಲಿ ಮಾರ್ಫೀನಿನೊಡನೆ ಕೊಡೀನೂ ಥಿಬೇನ್ ಎಂಬ ಇನ್ನೊಂದು ಕ್ಷಾರವಸ್ತುವೂ ಇರುತ್ತವೆ. ಹೆರಾಯಿನ್ ತಯಾರಿಸುವ ಕ್ರಿಯೆಯಲ್ಲಿ ಥಿಬೇನ್ ತನ್ನ ರೂಪ ಕಳೆದುಕೊಳ್ಳುತ್ತದೆ. ಆದುದರಿಂದ ಮೂತ್ರದಲ್ಲಿ ಥಿಬೇನ್ ಕಂಡು, 6-ಮಾನೊಅಸಿಟೈಲ್‌ಮಾರ್ಫೀನ್ ಕಾಣದಿದ್ದರೆ ಪಾಯಸದ ಮಾತಿಗೆ ಬಲ ಬರುತ್ತದೆ. ಆದರೆ ಇದನ್ನು ಹುಡುಕುವವರು ಬೇಕು. ಹುಡುಕಿರೆಂದು ಕೇಳುವವರೂ ಬೇಕು. ಇನ್ನು ಕೊಲ್ಲಿಯ ಸಂಯುಕ್ತ ಅರಬ್ ಸಂಸ್ಥಾನಕ್ಕೋ ಸೌದಿ ಅರೇಬಿಯಕ್ಕೋ ಸಿಂಗಾಪುರಕ್ಕೋ ನೌಕರಿಗೆ ಹೊರಟ ಮಗನ ಪೆಟ್ಟಿಗೆಯಲ್ಲಿ ತಾಯಂದಿರು ಗಸಗಸೆಯ ಪೊಟ್ಟಣವನ್ನು ಇಡಲೇಬಾರದು. ಆ ದೇಶಗಳಲ್ಲಿ ಅದು ನಿಷಿದ್ಧ ಪದಾರ್ಥ.

ಹಸುಗೂಸಿನ ರಕ್ತದಲ್ಲಿ ಕಂಡದ್ದು

ಸಂಖ್ಯೆ ಸರಿಯಾಗಿದ್ದರೂ ಅದರ ಅರ್ಥ ವಿವಾದಕ್ಕೆ ಎಡೆಮಾಡಬಹುದೆಂಬುದಕ್ಕೆ ಹೃದಯ ಹಿಂಡುವ ಪ್ರಕರಣವೊಂದಿದೆ. 2005ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ 13 ದಿನದ ಗಂಡುಕೂಸೊಂದು ತೀರಿಕೊಂಡಿತು. ಕೂಸಿನ ರಕ್ತದಲ್ಲಿ ಮಿಲಿಲೀಟರಿಗೆ 70 ನ್ಯಾನೊಗ್ರಾಮು ಮಾರ್ಫೀನು ಇತ್ತು. ಹೆರಿಗೆಯ ತರುವಾಯದ ನೋವಿಗಾಗಿ ತಾಯಿಗೆ ಕೊಡೀನು ಬೆರೆತ ಮಾತ್ರೆ ಕೊಟ್ಟಿದ್ದರು. ಕೊಡೀನನ್ನು ಅತಿ ವೇಗವಾಗಿ ಮಾರ್ಫೀನಾಗಿ ಮಾರ್ಪಡಿಸುವ ಆನುವಂಶಿಕ ಗುಣ ಆ ತಾಯಿಯಲ್ಲಿತ್ತು. ಮೊಲೆಹಾಲಿನ ಮೂಲಕ ಮಾರ್ಫೀನು ಕೂಸನ್ನು ಸೇರಿತೆಂದು 2006ರಲ್ಲಿ ವೈದ್ಯರು ಪ್ರಕಟಿಸಿದರು. ಜಗತ್ತಿನಾದ್ಯಂತ ಬಾಣಂತಿಯರಿಗೆ ಕೊಡೀನು ಕೊಡುವುದರ ವಿರುದ್ಧ ಎಚ್ಚರಿಕೆಗಳು ಹೊರಟವು.

ಆದರೆ 2020ರಲ್ಲಿ ಕೆನಡಾದವರೇ ಆದ ಇಬ್ಬರು ವೈದ್ಯರು ಲೆಕ್ಕವನ್ನು ಮತ್ತೆ ಬಿಚ್ಚಿ ನೋಡಿದರು. ಹಾಲಿನ ಮೂಲಕ ಕೂಸಿನ ಹೊಟ್ಟೆಗೆ ಹೋಗಬಹುದಾದ ಪ್ರಮಾಣ ಅಷ್ಟು ಮಟ್ಟವನ್ನು ಉಂಟುಮಾಡುವುದು ನಂಬಲರ್ಹವಲ್ಲವೆಂದು ವಾದಿಸಿದರು. ಹಳೆಯ ವಿವರಣೆಯನ್ನು ಒಳಗೊಂಡ ಲೇಖನಗಳನ್ನು ಕೆನಡಾದ ಎರಡು ಪತ್ರಿಕೆಗಳು ಹಿಂತೆಗೆದುಕೊಂಡವು. 70 ಎಂಬ ಅಂಕಿಯಲ್ಲಿ ಬದಲಾವಣೆಯಿಲ್ಲ. ಬದಲಾದದ್ದು ಅದರ ಓದು ಮಾತ್ರ. ಎಂಥ ಸಂಗತಿ!

ಈ ಕಥೆ ನಮಗೆ ಪರಕೀಯವಲ್ಲ. ಮುಂಬಯಿ ಪ್ರಾಂತದಲ್ಲಿ ಗಿರಣಿಗೆ ಹೋಗುವ ತಾಯಂದಿರು ಮಗು ಅಳದಿರಲೆಂದು ‘ಬಾಲಗೋಳಿ’ ಎಂಬ ಅಫೀಮಿನ ಗುಳಿಗೆಯನ್ನು ನೆಕ್ಕಿಸುತ್ತಿದ್ದುದು 1920ರ ದಶಕದ ವರದಿಗಳಲ್ಲಿ ದಾಖಲಾಗಿದೆ. ಹಸುಗೂಸಿನ ಯಕೃತ್ತಿಗೆ ಗ್ಲುಕುರಾನಿಕ್ ಆಮ್ಲವನ್ನು ಅಂಟಿಸುವ ಸಾಮರ್ಥ್ಯ ಇನ್ನೂ ಬಲಿತಿರುವುದಿಲ್ಲ. ದೊಡ್ಡವರಿಗೆ ಜೋಂಪು ತರುವಷ್ಟು ಅಫೀಮು ಅದಕ್ಕೆ ಚಿರನಿದ್ರೆಯನ್ನೇ ತರಬಲ್ಲದು.

ಘಟ್ಟದ ಮಳೆಯೂ ತೊಡೆಯ ಸ್ನಾಯುವೂ

ಈಗ ಮತ್ತೆ ಆ ಪೆಟ್ಟಿಗೆಯ ಬಳಿಗೆ ಬರೋಣ. ಖಾನಾಪುರ ತಾಲ್ಲೂಕಿನ ಪಶ್ಚಿಮದ ಅಂಚು ಮಲಪ್ರಭೆ ಹುಟ್ಟುವ ಕಣಕುಂಬಿಯ ಸೀಮೆ. ಮಳೆಗಾಲದಲ್ಲಿ ಅಲ್ಲಿ ಆಕಾಶವೇ ಕಳಚಿ ಬೀಳುತ್ತದೆ. ಕಾಡಿನ ನಡುವಣ ಊರಿನಲ್ಲಿ ಸಾವು ಸಂಭವಿಸಿದರೆ ಶವ ಆಸ್ಪತ್ರೆ ತಲುಪುವುದೇ ತಡ. ಆ ವಿಳಂಬದಲ್ಲಿ ರಸಾಯನವೂ ಬದಲಾಗುತ್ತದೆ. ಕೊಳೆಯುವಿಕೆಯ ಸೂಕ್ಷ್ಮಜೀವಿಗಳು ಗ್ಲುಕುರೊನೈಡುಗಳಿಂದ ಆಮ್ಲವನ್ನು ಬಿಡಿಸಿ ಮತ್ತೆ ಮಾರ್ಫೀನನ್ನೇ ಹುಟ್ಟಿಸುತ್ತವೆ! ಮುಕ್ತ ಮಾರ್ಫೀನು ಹೆಚ್ಚಾಗಿ, ಗ್ಲುಕುರೊನೈಡು ಕಡಿಮೆಯಾಗಿ ಕಂಡರೆ, ಸೇವಿಸಿದ ಸ್ವಲ್ಪ ಹೊತ್ತಿನಲ್ಲೇ ಮರಣವಾಯಿತೆಂದು ಊಹಿಸುವುದು ವಾಡಿಕೆ. ಕೊಳೆತ ಮಾದರಿಯಲ್ಲಿ ಆ ಊಹೆ ತಲೆಕೆಳಗಾಗಬಹುದು. ಅದಕ್ಕಾಗಿಯೇ ರಕ್ತಕ್ಕೆ ಸೋಡಿಯಮ್ ಫ್ಲೋರೈಡು ಬೆರೆಸಿ ತಂಪಿನಲ್ಲಿಡಬೇಕು. ಹೃದಯದ ರಕ್ತಕ್ಕಿಂತ ತೊಡೆಯ ರಕ್ತನಾಳದ ರಕ್ತವನ್ನೇ ತೆಗೆಯಬೇಕು. ಮರಣದ ತರುವಾಯ ಒಳಗಿನ ಅಂಗಗಳಿಂದ ಮದ್ದು ಸೋರಿ ಹೃದಯದ ರಕ್ತದಲ್ಲಿ ಪ್ರಮಾಣ ಏರಬಹುದು.

ಎಚ್ಚರಿಕೆಯಿಂದ ತೆಗೆದ ಮಾದರಿ ಎಂಥ ಸತ್ಯವನ್ನು ಹೊರಗೆಡಹಬಲ್ಲದೆಂಬುದನ್ನು 1998ರಲ್ಲಿ ಇಂಗ್ಲೆಂಡು ಕಂಡಿತು. ಹೈಡ್ ಎಂಬ ಊರಿನ ಡಾಕ್ಟರ್ ಹೆರಾಲ್ಡ್ ಶಿಪ್‌ಮನ್ ಜನಪ್ರಿಯ ವೈದ್ಯ. 81 ವರ್ಷದ ಕ್ಯಾಥಲೀನ್ ಗ್ರಂಡಿ ಎಂಬ ಮಹಿಳೆ ತೀರಿಕೊಂಡಾಗ ವೃದ್ಧಾಪ್ಯವೇ ಕಾರಣವೆಂದು ಬರೆದುಕೊಟ್ಟನು. ಆಕೆಯ ಮರಣಪತ್ರ ಖೋಟಾ ಎಂಬ ಸಂಶಯ ಮಗಳಿಗೆ ಬಂದಿತು. ಹೂಳಿ ಒಂದು ತಿಂಗಳಾದ ಶವವನ್ನು ಹೊರತೆಗೆದು ನೋಡಿದಾಗ ತೊಡೆಯ ಸ್ನಾಯುವಿನಲ್ಲೂ ಯಕೃತ್ತಿನಲ್ಲೂ ಮಾರ್ಫೀನು ಸಿಕ್ಕಿತು. ಆಕೆಯೇ ಮದ್ದಿನ ಚಟಕ್ಕೆ ಬಿದ್ದಿದ್ದಳೆಂದು ತೋರಿಸಲು ವೈದ್ಯನು ದಾಖಲೆಗಳನ್ನು ತಿದ್ದಿದ್ದನು. ಗಣಕಯಂತ್ರವೇ ಆ ತಿದ್ದುಪಡಿಯ ದಿನಾಂಕವನ್ನು ಬಯಲುಮಾಡಿತು. 2000ದ ಜನವರಿ 31ರಂದು 15 ಕೊಲೆಗಳಿಗಾಗಿ ಶಿಕ್ಷೆಯಾಯಿತು. ಮುಂದೆ ವಿಚಾರಣಾ ಆಯೋಗ ಅವನ ಬಲಿಗಳ ಸಂಖ್ಯೆ 215 ಎಂದು ಹೇಳಿತು. ಇಲ್ಲಿ ಗಮನಿಸಬೇಕಾದ ಅಂಶವೇನೆಂದರೆ, ಮಾರ್ಫೀನು ಒಂಟಿಯಾಗಿ ಸಾಕ್ಷ್ಯ ನುಡಿಯಲಿಲ್ಲ. ಖೋಟಾ ಪತ್ರ, ತಿದ್ದಿದ ದಾಖಲೆ, ಮಗಳ ಸಂಶಯ ಎಲ್ಲವೂ ಅದರ ಪಕ್ಕದಲ್ಲಿ ನಿಂತವು.

ನೋವಿನ ಮನೆಯಲ್ಲಿ

ಮಾರ್ಫೀನೆಂದರೆ ಅಪರಾಧವೇ ಎಂದು ಯಾರೂ ಭಾವಿಸಬಾರದು. ಖಾನಾಪುರದ ಹಳ್ಳಿಯೊಂದರ ಮನೆಯಲ್ಲಿ ಅರ್ಬುದರೋಗದ ಕೊನೆಯ ಘಟ್ಟದಲ್ಲಿ ನರಳುವ ಹಿರಿಯರಿಗೆ ಅದಕ್ಕಿಂತ ದೊಡ್ಡ ಬಂಧುವಿಲ್ಲ. 1985ರ ಮಾದಕ ವಸ್ತು ಕಾಯಿದೆಯ ಬಿಗಿ ನಿಯಮಗಳಿಗೆ ಹೆದರಿ ಆಸ್ಪತ್ರೆಗಳು ಮಾರ್ಫೀನನ್ನು ಇಡುವುದನ್ನೇ ಕೈಬಿಟ್ಟವು. ವೈದ್ಯಕೀಯ ಬಳಕೆ ತೀವ್ರವಾಗಿ ಕುಸಿಯಿತು. 2014ರ ತಿದ್ದುಪಡಿಯ ತರುವಾಯ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಇದನ್ನು ಇಟ್ಟುಕೊಳ್ಳಲು ದೇಶಕ್ಕೆಲ್ಲ ಒಂದೇ ಬಗೆಯ ನಿಯಮ ಬಂದಿತು.

ಇಲ್ಲಿಯೂ ಆ ರೂಪಾಂತರಗಳ ಜ್ಞಾನವೇ ದಾರಿದೀಪ. ರೋಗಿಯ ಮೂತ್ರಪಿಂಡಗಳು ದುರ್ಬಲವಾಗಿದ್ದರೆ ಮಾರ್ಫೀನ್-6-ಗ್ಲುಕುರೊನೈಡು ಹೊರಹೋಗದೆ ದೇಹದಲ್ಲಿ ಸಂಗ್ರಹವಾಗುತ್ತದೆ. ನಿನ್ನೆ ಹಿತವಾದ ಪ್ರಮಾಣವೇ ಇಂದು ಅತಿನಿದ್ರೆಯನ್ನೂ ಮಂದ ಉಸಿರನ್ನೂ ತರಬಹುದು. ಇದನ್ನರಿತ ವೈದ್ಯರು ಪ್ರಮಾಣವನ್ನು ಇಳಿಸುತ್ತಾರೆ, ಇಲ್ಲವೆ ಮದ್ದನ್ನೇ ಬದಲಿಸುತ್ತಾರೆ. ತಿಂಗಳುಗಟ್ಟಲೆ ಮಾರ್ಫೀನು ಸೇವಿಸಿ ಒಗ್ಗಿಹೋದವರು ರಕ್ತದಲ್ಲಿ ಎಷ್ಟು ಮಾರ್ಫೀನು ಇಟ್ಟುಕೊಂಡು ಮಾತನಾಡುತ್ತ ಕುಳಿತಿರುತ್ತಾರೋ, ಅಷ್ಟೇ ಮಾರ್ಫೀನು ಹೊಸಬನನ್ನು ಕೊಲ್ಲಬಲ್ಲದು. ಅಂಥ ರೋಗಿ ಸಹಜವಾಗಿ ತೀರಿಕೊಂಡಾಗ ಯಾರಾದರೂ ದೂರು ಕೊಟ್ಟು ರಕ್ತ ಪರೀಕ್ಷೆಯಾದರೆ, ಆ ಅಂಕಿಯನ್ನು ನೋಡಿದವನು ಗಾಬರಿಯಾಗಬಹುದು. ಹಗಲಿರುಳು ಶುಶ್ರೂಷೆ ಮಾಡಿದ ಸೊಸೆಯ ಮೇಲೆ ಅನುಮಾನ ಬೀಳಬಹುದು. ವೈದ್ಯರು ಬರೆದುಕೊಟ್ಟ ಚೀಟಿ, ಮಾತ್ರೆಗಳ ಲೆಕ್ಕ, ಸೇವನೆಯ ಅವಧಿ ಇವು ಆ ಅಂಕಿಯೊಡನೆ ನ್ಯಾಯಾಲಯದ ಮೇಜಿನ ಮೇಲೆ ಇರಲೇಬೇಕು.

ಸರಕಾರಿ ವಿಜ್ಞಾನ ತಜ್ಞರ ವರದಿಯನ್ನು ಅವರನ್ನು ಕರೆಸದೆಯೇ ಸಾಕ್ಷ್ಯವಾಗಿ ಸ್ವೀಕರಿಸಲು ನಮ್ಮ ಕಾನೂನು ಅವಕಾಶ ಕೊಟ್ಟಿದೆ. ಬೇಕೆನಿಸಿದರೆ ಅವರನ್ನು ಕರೆಸಿ ಪ್ರಶ್ನಿಸುವ ಅಧಿಕಾರವನ್ನೂ ನ್ಯಾಯಾಲಯಕ್ಕೆ ಕೊಟ್ಟಿದೆ. ಈ ಎರಡನೆಯದನ್ನು ವಕೀಲರು ಮರೆಯಬಾರದು. ಯಾವ ರಕ್ತನಾಳದ ರಕ್ತ? ಎಷ್ಟು ಹೊತ್ತಿನ ಮೇಲೆ ತೆಗೆದದ್ದು? ಬರೀ ಜರಡಿಯೊ, ತೂಗಿ ನೋಡಿದ್ದೊ? ಗ್ಲುಕುರೊನೈಡು ಎಷ್ಟು, ಕೊಡೀನು ಎಷ್ಟು? ಈ ನಾಲ್ಕೈದು ಪ್ರಶ್ನೆಗಳಲ್ಲಿ ಒಬ್ಬನ ಮಾನವೋ ಪ್ರಾಣವೋ ಅಡಗಿರಬಹುದು.

ಖಾನಾಪುರದ ಬಸ್ಸು ಬೆಳಗಾವಿಯ ನಿಲ್ದಾಣದಲ್ಲಿ ನಿಲ್ಲುತ್ತದೆ. ಹಾಲಿನವರೂ ತರಕಾರಿಯವರೂ ಇಳಿಯುತ್ತಾರೆ. ಪೇದೆಯೂ ಪೆಟ್ಟಿಗೆಯನ್ನು ಎದೆಗವಚಿಕೊಂಡು ಇಳಿಯುತ್ತಾನೆ. ಅದರೊಳಗಿನ ಹನಿ ಸುಳ್ಳು ಹೇಳುವುದಿಲ್ಲ. ಆದರೆ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಸರಿಯಾದ ಪ್ರಶ್ನೆಯನ್ನು ಕೇಳುವ ಹೊಣೆ ಬದುಕಿರುವವರದು.